ಊರಂಚಿನ ದೇವಾಲಯ ಊರೊಳಗಾದ ಕತೆ

(ಸಾದಲಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹಿಪ್ಪುನೇರಳೆ ತೋಟಗಳ ನಡುವಿನ ಈ ಸಾದಲಿಯಲ್ಲಿ ನಿಂತು ಬೆಂಗಳೂರಿನ ಒಂದು ಕಥೋಲಿಕ ದೇವಾಲಯದ ಚರಿತ್ರೆ ಹೇಳಲು ಹೊರಟಿದ್ದೇನೆ. ಇದು ನಮಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಾರಣ ಎರಡಿವೆ. ಒಂದು, ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದು ಬದುಕುತ್ತಿದ್ದಾರೆ. ಇನ್ನೊಂದು, 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಆ ಅಂಚೇ ನಮ್ಮ ಕಡೆಗೆ ನಡೆದು ಬರುತ್ತಿದೆ. ಊರಂಚಿಗೆ ಬಂದು ಬಿದ್ದ ಜನ ಹೇಗೆ ಒಂದು ಸಮುದಾಯವಾಗಿ ನಿಂತರು, ನಿಂತ ಮೇಲೆ ತಮ್ಮ ನಂತರ ಬಂದವರಿಗೆ ಹೇಗೆ ಜಾಗ ಕೊಟ್ಟರು, ಅಥವಾ ಕೊಡಲು ಹಿಂಜರಿದರು ಎಂಬುದನ್ನು ತಿಳಿಯಲು ಇಂಥ ದೇವಾಲಯಗಳ ಚರಿತ್ರೆ ಒಳ್ಳೆಯ ದಾರಿ.

ಮೊದಲು ಒಂದು ಪದವನ್ನು ಬಿಡಿಸಿಕೊಳ್ಳೋಣ. ಇಂಗ್ಲಿಷಿನವರು ಪ್ಯಾರಿಷ್ ಎನ್ನುವುದನ್ನು ನಮ್ಮ ಕಥೋಲಿಕರು ಧರ್ಮಕೇಂದ್ರ ಎನ್ನುತ್ತಾರೆ. ಇದು ಬರಿಯ ಕಟ್ಟಡವಲ್ಲ. ಇಂತಿಷ್ಟು ಬೀದಿ, ಇಂತಿಷ್ಟು ಹಳ್ಳಿ ಎಂದು ಎಲ್ಲೆ ಹಾಕಿ, ಆ ಎಲ್ಲೆಯೊಳಗಿನ ವಿಶ್ವಾಸಿಗಳನ್ನು ಒಬ್ಬ ಗುರುವಿನ ಪಾಲನೆಗೆ ಒಪ್ಪಿಸುವ ವ್ಯವಸ್ಥೆ. ಅದನ್ನು ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಮಾತ್ರ ಇದೆ. ಭಕ್ತರು ಗುಡಿ ಕಟ್ಟಿದ ಮಾತ್ರಕ್ಕೆ ಅದು ಧರ್ಮಕೇಂದ್ರ ಆಗುವುದಿಲ್ಲ. ಹಾಗೆ ಸ್ಥಾಪನೆಯಾದ ದಿನದಿಂದ ಅಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ದಾಖಲೆ ಪುಸ್ತಕಗಳು ಇರಲೇಬೇಕು ಎಂಬುದು ಅವರ ಧರ್ಮಶಾಸನದ ಕಟ್ಟಳೆ. ಈ ಪುಸ್ತಕಗಳ ಮಾತಿಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಚಿನ್ನಬಳ್ಳಾಪುರದ ದಾರಿ

ಕಥೋಲಿಕ ಧರ್ಮ ನಮ್ಮ ಕಡೆಗೆ ಬೆಂಗಳೂರಿನಿಂದ ಬಂದದ್ದಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. ಬೆಂಗಳೂರು ದಂಡು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಪುದುಚೇರಿಯಿಂದ ಹೊರಟ ಫ್ರೆಂಚ್ ಜೆಸ್ವಿತ್ ಗುರುಗಳು ಪುಂಗನೂರು, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಓಡಾಡಿದ್ದರು. ಅವರು ತಮ್ಮ ದೇಶಕ್ಕೆ ಬರೆದ ಪತ್ರಗಳಲ್ಲಿ ಚಿಕ್ಕಬಳ್ಳಾಪುರ ‘ಚಿನ್ನಬಳ್ಳಾಬರಂ’ ಆಗಿದೆ. ನಮ್ಮ ‘ಚಿಕ್ಕ’ ಅವರ ಕಿವಿಗೆ ತೆಲುಗಿನ ‘ಚಿನ್ನ’ ಆಗಿ ಬಿದ್ದಿತ್ತು. ಅಂದರೆ ಅವರಿಗೆ ದಾರಿ ತೋರಿದವರು ತೆಲುಗಿನವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರು ಸೀಮೆಗೆ ಇನ್ನೂ ಮೊದಲು, 1648-49ರ ಸುಮಾರಿಗೆ, ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿತ್ ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಕನ್ನಡ ಕಲಿತು, ಕನ್ನಡದ ವ್ಯಾಕರಣವೊಂದನ್ನೂ ಧರ್ಮೋಪದೇಶದ ಹೊತ್ತಗೆಯನ್ನೂ ಬರೆದವನು ಆತ. ಆದರೆ 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ರದ್ದು ಮಾಡಿದ ಮೇಲೆ ಈ ಮಿಷನ್ನುಗಳು ಸೊರಗಿದವು. ಆ ಕೆಲಸವನ್ನು ಕೈಗೆತ್ತಿಕೊಂಡದ್ದು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ. ಆ ಸಂಸ್ಥೆಯ ಅಬ್ಬೆ ದುಬ್ವಾ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಮೈಸೂರು ಸೀಮೆಗೆ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಿಂದೂ ಆಚಾರ ವ್ಯವಹಾರಗಳ ಬಗ್ಗೆ ಪುಸ್ತಕ ಬರೆದವರೆಂದು ಅವರ ಹೆಸರನ್ನು ಹಲವರು ಕೇಳಿರುತ್ತೀರಿ. ಸಿಡುಬಿನ ವಿರುದ್ಧ ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದವರೂ ಅವರೇ.

ಬಿಳಿ ಅಕ್ಕಿಯ ಹಳ್ಳಿ

ಈಗ ಬೆಂಗಳೂರಿಗೆ ಹೋಗೋಣ. ಇಂದು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ರಸೆಲ್ ಮಾರುಕಟ್ಟೆಯ ಕಡೆ ತಿರುಗಿದರೆ ಸಂತ ಮೇರಿಯ ಬೆಸಿಲಿಕಾದ ಚೂಪು ಗೋಪುರ ಕಾಣುತ್ತದೆ. ಈಗ ಅದು ನಗರದ ನಟ್ಟನಡುವೆ ಇದೆ. ಹತ್ತೊಂಬತ್ತನೆಯ ಶತಮಾನ ಕಾಲಿಟ್ಟಾಗ ಅದು ಬೆಂಗಳೂರು ಪೇಟೆಯ ಹೊರಗಿನ ಒಂದು ಹಳ್ಳಿ. ತಮಿಳು ನಾಡಿನ ಸೆಂಜಿಯ ಕಡೆಯಿಂದ ಬಂದ ಕ್ರೈಸ್ತ ಒಕ್ಕಲುಗಳು ಅಲ್ಲಿ ಭತ್ತ ಬೆಳೆಯುತ್ತಿದ್ದರಂತೆ. ಬಿಳಿ ಅಕ್ಕಿ ಬೆಳೆಯುವ ಹಳ್ಳಿ ಎಂದು ಅದಕ್ಕೆ ‘ಬಿಳಿ ಅಕ್ಕಿ ಪಳ್ಳಿ’ ಎಂಬ ಹೆಸರು ಬಂದು, ಇಂಗ್ಲಿಷರ ಬಾಯಲ್ಲಿ ‘ಬ್ಲ್ಯಾಕ್‌ಪಳ್ಳಿ’ ಆಯಿತೆಂದು ಹೇಳುವವರಿದ್ದಾರೆ. ದಂಡು ಪ್ರದೇಶದ ನಕ್ಷೆ ಹಾಕಿದ ಬ್ಲೇಕಿಸ್ಟನ್ ಎಂಬ ಎಂಜಿನಿಯರ ಹೆಸರಿನಿಂದ ಅದು ಬಂತೆನ್ನುವವರೂ ಇದ್ದಾರೆ. ಬಿಳಿಯದು ಕಪ್ಪಾದ ಈ ಹೆಸರಿನ ವ್ಯಾಜ್ಯ ಹಾಗಿರಲಿ. ಅಲ್ಲಿ ಆಗ ಇದ್ದದ್ದು ಒಂದು ಹುಲ್ಲು ಛಾವಣಿಯ ಪ್ರಾರ್ಥನಾ ಮಂದಿರ. ಅದನ್ನು ‘ಕಾಣಿಕ್ಕೈ ಮಾದಾ’ ಕೋವಿಲು ಎಂದು ಕರೆಯುತ್ತಿದ್ದರು. ಅಬ್ಬೆ ದುಬ್ವಾ ಅಲ್ಲಿಗೆ ಬಂದು ಬಲಿಪೂಜೆ ಅರ್ಪಿಸಿದ್ದರು.

1809ರಲ್ಲಿ ಬ್ರಿಟಿಷರು ಸೈನ್ಯವನ್ನು ಶ್ರೀರಂಗಪಟ್ಟಣದ ಮಲೇರಿಯಾದಿಂದ ಬಿಡಿಸಿ ಬೆಂಗಳೂರಿಗೆ ತಂದರು. ದಂಡು ಎಂದ ಮೇಲೆ ಸೈನಿಕ ಒಬ್ಬನೇ ಬರುವುದಿಲ್ಲ. ಅವನಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಕುದುರೆ ನೋಡಿಕೊಳ್ಳುವವರು, ಕಲ್ಲು ಕಡಿಯುವವರು, ತೋಟದವರು ಎಲ್ಲರೂ ಹಿಂದೆಯೇ ಬರುತ್ತಾರೆ. ಇವರಲ್ಲಿ ಬಹುಮಂದಿ ತಮಿಳು ಸೀಮೆಯವರು. ಹಲವರು ಕಥೋಲಿಕರು. ಹೀಗೆ ಭತ್ತದ ಗದ್ದೆಯ ಗುಡಿಸಲು ಗುಡಿ ಕೆಲವೇ ದಶಕಗಳಲ್ಲಿ ಒಂದು ದೊಡ್ಡ ಸಂತೆಯ ನಡುವಿನ ದೇವಾಲಯವಾಯಿತು. 1832ರ ಗಲಭೆಯಲ್ಲಿ ಅದಕ್ಕೆ ಹಾನಿಯಾಗಿ ಕಾವಲಿಗೆ ಪಡೆ ನಿಲ್ಲಿಸಬೇಕಾಯಿತು. ಮುಂದೆ ಮೈಸೂರಿನ ಧರ್ಮಾಧ್ಯಕ್ಷರಾದ ಫಾದರ್ ಕ್ಲೈನರ್ 1875ರಲ್ಲಿ ಈಗಿನ ಗಾಥಿಕ್ ಕಟ್ಟಡದ ಕೆಲಸ ಆರಂಭಿಸಿದರು. 1882ರ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದಲ್ಲಿ, ಅದರ ಪ್ರತಿಷ್ಠೆ ನಡೆಯಿತು. ಅದಕ್ಕೆ ಬೆಸಿಲಿಕಾ ಎಂಬ ಗೌರವ ಸಿಕ್ಕಿದ್ದು 1970ರ ದಶಕದಲ್ಲಿ.

ಆ ಎರಡು ಇಸವಿಗಳನ್ನು ಸ್ವಲ್ಪ ನಿಂತು ನೋಡಿ: 1875, 1882. ಇವುಗಳ ನಡುವೆ ಏನಾಯಿತೆಂಬುದು ಈ ಸೀಮೆಯವರಿಗೆ ಗೊತ್ತಿರಬೇಕು.

ಕ್ಷಾಮದ ಮಕ್ಕಳು

1876-78ರ ಮಹಾಕ್ಷಾಮ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ 41,86,188. ಹೆಚ್ಚಬೇಕಾಗಿದ್ದ ಲೆಕ್ಕದಲ್ಲಿ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಇಲ್ಲವಾದರು. ಕೆರೆಯನ್ನೇ ನಂಬಿದ ಬಯಲುಸೀಮೆಗೆ ಅದು ಎಂಥ ಹೊಡೆತವೆಂದು ಊಹಿಸಬಹುದು. ಶಿವಾಜಿನಗರದ ಗೋಪುರದ ಕಲ್ಲುಗಳು ಒಂದರ ಮೇಲೊಂದು ಏರುತ್ತಿದ್ದ ಕಾಲದಲ್ಲೇ ಹಳ್ಳಿಗಳ ಜನ ಗಂಜಿ ಹುಡುಕಿಕೊಂಡು ಬೆಂಗಳೂರಿನ ದಾರಿ ಹಿಡಿದಿದ್ದರು.

ತಂದೆತಾಯಿ ಇಲ್ಲದೆ ಉಳಿದ ಮಕ್ಕಳನ್ನು ಮಿಷನ್ನಿನವರು ಅನಾಥಾಲಯಗಳಲ್ಲಿ ಇಟ್ಟುಕೊಂಡರು. ಅವರು ಬೆಳೆದಂತೆ ಮುಂದೇನು ಎಂಬ ಪ್ರಶ್ನೆ ಬಂತು. ಜಮೀನು ಪಡೆದು ಬೇಸಾಯದ ಊರುಗಳನ್ನು ಕಟ್ಟಿ, ಅವರನ್ನು ಅಲ್ಲಿ ಒಕ್ಕಲು ಕೂರಿಸಿದರು. ಹೆಸರಘಟ್ಟದ ದಾರಿಯ ಸಿಲುವೆಪುರ ಅಂಥದೊಂದು ಊರು. ಸಿಲುವೆ ಎಂದರೆ ಶಿಲುಬೆ. ಹಸಿದವರಿಗೆ ಅನ್ನದ ಜೊತೆ ಧರ್ಮವನ್ನೂ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆಯನ್ನು ಅಂದೂ ಕೇಳಿದವರಿದ್ದರು, ಇಂದೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಮಕ್ಕಳ ಕಡೆಯಿಂದಲೂ ಒಮ್ಮೆ ನೋಡಬೇಕು. ಬಂಧುಬಳಗವೆಲ್ಲ ಅಳಿದು ಯಾವ ಊರಿಗೂ ಸೇರದೆ ಹೋದವರಿಗೆ ಒಂದು ಊರಿನ ಹೆಸರು ಸಿಕ್ಕಿತು, ಉಳಲು ಹೊಲ ಸಿಕ್ಕಿತು, ಹುಟ್ಟುಸಾವು ಬರೆದಿಡುವ ಒಂದು ಪುಸ್ತಕ ಸಿಕ್ಕಿತು. ಆಗ ಬೆಂಗಳೂರಿನಿಂದ ದೂರದ ಹಳ್ಳಿಯಾಗಿದ್ದ ಸಿಲುವೆಪುರದ ಸುತ್ತ ಈಗ ನಿವೇಶನಗಳ ಕಲ್ಲು ನೆಟ್ಟಿದ್ದಾರೆ. ಅದೂ ಊರಂಚಾಗಿದೆ.

ನಮ್ಮ ಜಿಲ್ಲೆಯಲ್ಲೇ ಚಿಕ್ಕಬಳ್ಳಾಪುರದ ಕಡೆ ಸೂಸೈಪಾಳ್ಯ ಇದೆ. ಸೂಸೈ ಎಂದರೆ ಸಂತ ಜೋಸೆಫರು. ಊರಿನ ಹೆಸರೇ ಅದರ ಚರಿತ್ರೆಯನ್ನು ಹೇಳುತ್ತದೆ. ಅಲ್ಲಿನ ದೇವಾಲಯ 160 ವರ್ಷಗಳಷ್ಟು ಹಳೆಯದೆಂದು 2021ರ ಡಿಸೆಂಬರಿನಲ್ಲಿ ಪತ್ರಿಕೆಗಳು ಬರೆದವು. ಬರೆಯುವ ಸಂದರ್ಭ ಮಾತ್ರ ಸಂತೋಷದ್ದಾಗಿರಲಿಲ್ಲ. ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಅಲ್ಲಿನ ಸಂತ ಅಂತೋಣಿಯವರ ಪ್ರತಿಮೆಯನ್ನು ಯಾರೋ ಒಡೆದಿದ್ದರು. ನೂರಾರು ವರ್ಷ ನೆರೆಹೊರೆಯಾಗಿ ಬಾಳಿದವರ ನಡುವೆಯೂ ಗುರುತಿಲ್ಲದ ಕೈಯೊಂದು ಹೀಗೆ ಬರಬಹುದು. ಪಕ್ಕದ ಮನೆಯವರ ಚರಿತ್ರೆ ನಮಗೆ ಗೊತ್ತಿರಬೇಕು ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ.

ಹುಳು ಬೆಳೆದಂತೆ ತಟ್ಟೆ

ಧರ್ಮಕೇಂದ್ರ ಬೆಳೆಯುವ ಬಗೆ ರೇಷ್ಮೆ ಸಾಕುವವರಿಗೆ ಬೇಗ ಅರ್ಥವಾಗುತ್ತದೆ. ಚಾಕಿ ಹುಳು ಒಂದು ತಟ್ಟೆಯಲ್ಲಿ ಹಿಡಿಸುತ್ತದೆ. ಒಂದೊಂದು ಜ್ವರ ಎದ್ದ ಮೇಲೂ ಜಾಗ ಸಾಲದಾಗಿ, ತಟ್ಟೆ ಬಿಡಿಸದಿದ್ದರೆ ಹುಳುವಿಗೆ ರೋಗ ಬರುತ್ತದೆ. ಹಾಗೆಯೇ ಧರ್ಮಕೇಂದ್ರ ಒಡೆದು ಒಡೆದು ಬೆಳೆಯುತ್ತದೆ. ದೂರದ ಬಡಾವಣೆಯ ಹತ್ತಾರು ಮನೆಯವರು ಮೊದಲು ಯಾರದೋ ಜಗಲಿಯಲ್ಲಿ ಸೇರಿ ಜಪಸರ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಭಾನುವಾರಕ್ಕೊಮ್ಮೆ ತಾಯಿ ದೇವಾಲಯದಿಂದ ಗುರುಗಳು ಬಂದು ಶಾಲೆಯ ಕೊಠಡಿಯಲ್ಲೋ ತಗಡಿನ ಶೆಡ್ಡಿನಲ್ಲೋ ಬಲಿಪೂಜೆ ಮಾಡುತ್ತಾರೆ. ಜಾಗ ಕೊಳ್ಳುವ ಮಾತು ಬರುತ್ತದೆ, ರಸೀದಿ ಪುಸ್ತಕ ಅಚ್ಚಾಗುತ್ತದೆ. ಕೊನೆಗೆ ಧರ್ಮಾಧ್ಯಕ್ಷರ ಆಜ್ಞೆ ಹೊರಟು ಎಲ್ಲೆ ಗೊತ್ತಾಗುತ್ತದೆ, ಹೊಸ ದಾಖಲೆ ಪುಸ್ತಕದ ಮೊದಲ ಪುಟ ತೆರೆಯುತ್ತದೆ.

ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ಈ ಒಡೆಯುವಿಕೆಯ ಜೊತೆ ಇಟ್ಟು ಓದಬಹುದು. 1898ರ ಪ್ಲೇಗಿನ ನಂತರ ಕಿಕ್ಕಿರಿದ ಬೀದಿಗಳನ್ನು ಬಿಡಿಸಲು ಫ್ರೇಜರ್ ಟೌನಿನಂಥ ಹೊಸ ಬಡಾವಣೆಗಳು ಎದ್ದವು. ಪಕ್ಕದ ಕ್ಲೀವ್‌ಲ್ಯಾಂಡ್ ಟೌನಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ದೊಡ್ಡ ಕಲ್ಲಿನ ದೇವಾಲಯಕ್ಕೆ 1911ರಲ್ಲಿ ಅಡಿಗಲ್ಲು ಬಿದ್ದು, 1932ರಲ್ಲಿ ಅದು ಪ್ರತಿಷ್ಠೆಯಾಯಿತು. 1940ರಲ್ಲಿ ಮೈಸೂರು ಧರ್ಮಪ್ರಾಂತ್ಯವನ್ನು ಒಡೆದು ಬೆಂಗಳೂರು ಧರ್ಮಪ್ರಾಂತ್ಯವನ್ನು ಮಾಡಿದರು. 1953ರಲ್ಲಿ ಅದು ಮಹಾಧರ್ಮಪ್ರಾಂತ್ಯವಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಕಥೋಲಿಕರೂ ಅದರ ವ್ಯಾಪ್ತಿಗೇ ಸೇರಿದವರು.

ಅಷ್ಟರಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಮಂಗಳೂರಿನಿಂದ ಕೊಂಕಣಿಯವರು, ಕೇರಳದಿಂದ ಮಲೆಯಾಳಿಗಳು, ಕೋಲಾರ ಚಿನ್ನದ ಗಣಿಯ ತಮಿಳರ ಮಕ್ಕಳು ಕಾರ್ಖಾನೆಗಳ ಕಾಲನಿಗಳಲ್ಲಿ ನೆರೆಹೊರೆಯಾದರು. 2001ರಲ್ಲಿ ಗಣಿ ಮುಚ್ಚಿದ ಮೇಲಂತೂ ಕೆಜಿಎಫ್‌ನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದು ಸಾವಿರಾರು ಜನರ ನಿತ್ಯದ ಬದುಕಾಯಿತು.

ಈ ಬೆಳವಣಿಗೆ ಎಷ್ಟು ಬೇಗ ಆಗಬಹುದು ಎಂಬುದಕ್ಕೆ ವಿವೇಕನಗರ ಉದಾಹರಣೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ಇದ್ದದ್ದು ಖಾಲಿ ಜಮೀನು, ಒಂದು ಡೇರೆ, ಡೇರೆಯೊಳಗೆ ಬಾಲ ಯೇಸುವಿನ ಪ್ರತಿಮೆ. 1971ರಲ್ಲಿ ದೇವಾಲಯವಾಯಿತು. 1979ರಲ್ಲಿ ಸ್ವತಂತ್ರ ಧರ್ಮಕೇಂದ್ರವಾಯಿತು. 2005ರಲ್ಲಿ ವಿಶಾಲವಾದ ಹೊಸ ದೇವಾಲಯ ಪ್ರತಿಷ್ಠೆಯಾಯಿತು. ಗುರುವಾರ ಅಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಹಬ್ಬಕ್ಕೆ ಕಾವಿ ಸೀರೆಯುಟ್ಟು ಹರಕೆ ಹೊತ್ತು ನಡೆದು ಬರುವವರಲ್ಲೂ ಹಾಗೆಯೇ. ಅವರು ಯಾರ ಎಲ್ಲೆಗೂ ಸೇರಿದವರಲ್ಲ. ಯಾವ ದಾಖಲೆಯಲ್ಲೂ ಅವರ ಹೆಸರಿರುವುದಿಲ್ಲ. ಆದರೂ ಅವರಿಲ್ಲದೆ ಆ ಹಬ್ಬವಿಲ್ಲ.

ದೇವರಿಗೆ ಯಾವ ಭಾಷೆ?

ಇಲ್ಲಿಯವರೆಗೆ ಹೇಳಿದ್ದು ಬೆಳವಣಿಗೆಯ ಮಾತು. ಇನ್ನು ಜಗಳದ ಮಾತನ್ನೂ ಹೇಳಬೇಕು. ಮುಚ್ಚಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಹೀಗೆ ಬೇರೆ ಬೇರೆ ನಾಡಿನವರು ಒಂದೇ ಅಂಗಳದಲ್ಲಿ ಸೇರಿದರೆ ಪ್ರಾರ್ಥನೆ ಯಾವ ಭಾಷೆಯಲ್ಲಿ? ನೂರೈವತ್ತು ವರ್ಷ ಈ ಪ್ರಶ್ನೆ ಪೂಜಾಪೀಠದ ತನಕ ಬಂದಿರಲಿಲ್ಲ. ಏಕೆಂದರೆ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಅದು ಅಂಗಳದಲ್ಲಿ ನಿಂತ ಯಾರ ಮನೆಯ ಮಾತೂ ಆಗಿರಲಿಲ್ಲ. ಪ್ರಸಂಗ, ಹಾಡು, ಉಪದೇಶಿಯ ಪಾಠ ಮಾತ್ರ ಜನರ ಭಾಷೆಯಲ್ಲಿ ಇರುತ್ತಿದ್ದವು. ದಂಡು ಪ್ರದೇಶದಲ್ಲಿ ಆ ಜನ ಹೆಚ್ಚಾಗಿ ತಮಿಳರಾಗಿದ್ದರು. ಹಾಗೆಂದು ಆ ಫ್ರೆಂಚ್ ಗುರುಗಳು ಕನ್ನಡವನ್ನು ಕಡೆಗಣಿಸಿದ್ದರೆಂದು ತಿಳಿಯಬಾರದು. ಅವರ ಬೆಂಗಳೂರಿನ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು ಹೊರಬಂದಿತ್ತು. 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟೂ ಬಂತು. ಕಿಟ್ಟೆಲರ ಹೆಸರಾಂತ ನಿಘಂಟು ಬಂದದ್ದು 1894ರಲ್ಲಿ.

1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಲ್ಯಾಟಿನ್ ಹೋಯಿತು. ಅದರ ಜಾಗಕ್ಕೆ ಯಾವುದು ಬರಬೇಕು? ಅಷ್ಟು ಹೊತ್ತಿಗೆ 1956ರ ಭಾಷಾವಾರು ಪ್ರಾಂತ್ಯ ರಚನೆಯಾಗಿ ಬೆಂಗಳೂರು ಕನ್ನಡ ರಾಜ್ಯದ ರಾಜಧಾನಿಯಾಗಿತ್ತು. ‘ನಾಡಿನ ಭಾಷೆಗೆ ನಾಡಿನ ದೇವಾಲಯದಲ್ಲಿ ಮೊದಲ ಸ್ಥಾನ ಬೇಡವೇ?’ ಎಂದು ಕನ್ನಡ ಕಥೋಲಿಕರು ಕೇಳಿದರು. ‘ಈ ದೇವಾಲಯಕ್ಕೆ ಕಲ್ಲು ಹೊತ್ತವರು ನಮ್ಮ ಅಜ್ಜಂದಿರು, ನಮ್ಮ ಪ್ರಾರ್ಥನೆಯನ್ನು ಹೊರಗಿಡುವಿರಾ?’ ಎಂದು ತಮಿಳರು ಕೇಳಿದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಇದು ಮನವಿ ಪತ್ರಗಳನ್ನು ದಾಟಿ ಪ್ರತಿಭಟನೆ, ಘೋಷಣೆಗಳ ತನಕ ಹೋಯಿತು. ಎರಡೂ ಕಡೆ ನೋವಿತ್ತು, ಎರಡೂ ಕಡೆ ನ್ಯಾಯವಿತ್ತು. ಹಳ್ಳಿಯಿಂದ ಬಂದ ಕನ್ನಡ ಕಥೋಲಿಕ ಮುದುಕಿ ತನ್ನ ರಾಜಧಾನಿಯಲ್ಲೇ ತನಗೆ ತಿಳಿಯುವ ಪ್ರಸಂಗಕ್ಕಾಗಿ ಹುಡುಕಾಡಬೇಕಾಗಿ ಬಂದರೆ ಅದು ಸಣ್ಣ ಮಾತಲ್ಲ. ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಸತ್ತವರನ್ನು ಹೊರಗಿನವರು ಎಂದರೆ ಅದೂ ಸಣ್ಣ ಮಾತಲ್ಲ.

ಒಂದು ಮಟ್ಟಿಗೆ ಈ ಬಿಕ್ಕಟ್ಟನ್ನು ಸಡಿಲಿಸಿದ್ದು ಗಡಿಯಾರ. ಈಗ ಬೆಂಗಳೂರಿನ ಬಹುತೇಕ ಬಡಾವಣೆಗಳ ದೇವಾಲಯದ ಸೂಚನಾ ಫಲಕದಲ್ಲಿ ಭಾನುವಾರದ ಪಟ್ಟಿ ಕಾಣುತ್ತೀರಿ: ಇಂತಿಷ್ಟು ಗಂಟೆಗೆ ಕನ್ನಡ, ಇಂತಿಷ್ಟಕ್ಕೆ ತಮಿಳು, ಇಂತಿಷ್ಟಕ್ಕೆ ಇಂಗ್ಲಿಷ್. ಒಂದೇ ಬೆಂಚು, ಒಂದೇ ಪೀಠ. ಒಂದು ಭಾಷೆಯವರು ಹೊರಬರುವಾಗ ಇನ್ನೊಂದು ಭಾಷೆಯವರು ಒಳಹೋಗುತ್ತಾರೆ. ಜಾಗವನ್ನು ಹಂಚಲಾಗದವರು ಹೊತ್ತನ್ನು ಹಂಚಿಕೊಂಡಿದ್ದಾರೆ. ಇದು ಪೂರ್ತಿ ಸಮಾಧಾನವೇನಲ್ಲ. ಬಾಗಿಲಲ್ಲಿ ದಾಟಿಹೋಗುವವರು ಒಬ್ಬರನ್ನೊಬ್ಬರು ಮಾತಾಡಿಸದೆ ಹೋಗುವುದೂ ಉಂಟು. ಮಕ್ಕಳು ಕನ್ನಡವನ್ನೂ ತಮಿಳನ್ನೂ ಬಿಟ್ಟು ಇಂಗ್ಲಿಷ್ ಪೂಜೆಗೆ ಸೇರಿದಾಗ, ಜಗಳವಾಡಿದ ಎರಡೂ ಮನೆಯ ಅಜ್ಜಿಯರ ಪ್ರಾರ್ಥನೆ ಅಲ್ಲಿಗೇ ನಿಲ್ಲುವುದೂ ಉಂಟು. ತೆಲುಗಿನ ಹಾಡು ಕನ್ನಡದ ಪಾಠ ಎರಡನ್ನೂ ಉಳಿಸಿಕೊಂಡ ನಮ್ಮ ಸೀಮೆ ಈ ಬಗ್ಗೆ ನಗರಕ್ಕೆ ನಾಲ್ಕು ಮಾತು ಹೇಳಬಲ್ಲದು ಎಂದು ನನಗೆ ಅನ್ನಿಸುತ್ತದೆ.

ಹೆಸರಿನ ಜಗಳವೂ ನಿಂತಿಲ್ಲ. 2025ರ ಸೆಪ್ಟೆಂಬರಿನ ಹಬ್ಬದಲ್ಲಿ, ಶಿವಾಜಿನಗರದ ಮೆಟ್ರೋ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಲು ಶಿಫಾರಸು ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದಾಗ ಪರ ವಿರೋಧ ಎರಡೂ ಎದ್ದವು. ಅಕ್ಕಿಯ ಹೆಸರಿನ ಹಳ್ಳಿ, ಬ್ಲ್ಯಾಕ್‌ಪಳ್ಳಿ, ಶಿವಾಜಿನಗರ ಎಂದು ಹೆಸರು ಬದಲಿಸುತ್ತ ಬಂದ ನೆಲ ಅದು. ಒಂದೊಂದು ಹೆಸರಿನ ಅಡಿಯಲ್ಲೂ ಆಗ ಬಂದು ನೆಲೆಸಿದ ಒಂದೊಂದು ಜನ ಇದ್ದಾರೆ.

ಪುಟದ ಅಂಚಿನಲ್ಲಿ

ಮೊದಲು ಹೇಳಿದ ದಾಖಲೆ ಪುಸ್ತಕದ ಮಾತಿಗೆ ಬರುತ್ತೇನೆ. ಮಗುವಿಗೆ ಜ್ಞಾನಸ್ನಾನ ಆದಾಗ ಅದರ ಹೆಸರು, ತಂದೆತಾಯಿಯ ಹೆಸರು, ಜ್ಞಾನ ತಂದೆತಾಯಿಯರ ಹೆಸರು, ದಿನಾಂಕ ಎಲ್ಲವನ್ನೂ ಆ ಊರಿನ ಪುಸ್ತಕದಲ್ಲಿ ಬರೆಯುತ್ತಾರೆ. ಆ ಮಗು ದೊಡ್ಡದಾಗಿ ಎಲ್ಲಿಗೇ ಹೋಗಲಿ, ಯಾವ ಊರಿನಲ್ಲೇ ಮದುವೆಯಾಗಲಿ, ಮದುವೆ ಮಾಡಿಸಿದ ಗುರುಗಳು ಆ ಸುದ್ದಿಯನ್ನು ಜ್ಞಾನಸ್ನಾನವಾದ ಊರಿಗೆ ತಿಳಿಸಬೇಕು. ಅಲ್ಲಿನ ಗುರುಗಳು ಹಳೆಯ ಪುಸ್ತಕ ತೆಗೆದು, ಆ ಹೆಸರಿನ ಎದುರು ಅದನ್ನು ಗುರುತು ಹಾಕಬೇಕು. ಇದು ಭಾವುಕತೆಯಿಂದ ಹುಟ್ಟಿದ ಪದ್ಧತಿಯಲ್ಲ. ಒಬ್ಬರಿಗೆ ಎರಡು ಮದುವೆ ಆಗದಂತೆ ಮಾಡಿಕೊಂಡ ಕಟ್ಟುನಿಟ್ಟು. ಆದರೆ ಅದರ ಫಲ ನೋಡಿ. ಒಂದು ಹಳ್ಳಿಯ ಹಳೆಯ ಪುಸ್ತಕವನ್ನು ತೆರೆದರೆ, ಪುಟದ ನಡುವೆ ಅಲ್ಲಿ ಹುಟ್ಟಿದವರ ಹೆಸರು, ಅಂಚಿನಲ್ಲಿ ಅವರು ಹೋಗಿ ಸೇರಿದ ಊರುಗಳ ಹೆಸರು.

ನಮ್ಮ ಊರುಗಳಿಂದಲೂ ಮಕ್ಕಳು ಹೋಗಿದ್ದಾರೆ. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಹೆಸರು ಕತ್ತರಿಸುವುದು ನಮಗೆ ಗೊತ್ತು. ಹೋದವರು ಎಲ್ಲಿ ನೆಲೆ ನಿಂತರು, ಯಾವ ಭಾಷೆಯ ನೆರೆಯವರ ನಡುವೆ ಬದುಕಿದರು ಎಂದು ಬರೆದಿಟ್ಟುಕೊಳ್ಳುವ ಪುಸ್ತಕ ನಮ್ಮಲ್ಲಿಲ್ಲ. ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನೇ ಇಟ್ಟುಕೊಂಡು ಇಂಥ ಕೆಲಸವನ್ನು ಶುರು ಮಾಡಬಹುದು. ಇಲ್ಲಿನ ಉಪಾಧ್ಯಾಯರು, ನಿವೃತ್ತರು ಮನಸ್ಸು ಮಾಡಿದರೆ ಕಷ್ಟವಲ್ಲ.

ನಾಳೆ ನಮ್ಮ ಹೊಲದ ಬದುವಿನಾಚೆಯೂ ಬಡಾವಣೆ ಏಳಬಹುದು. ನಾವು ಕೇಳದ ಭಾಷೆಯವರು, ನಮ್ಮದಲ್ಲದ ದೇವರನ್ನು ಹೊತ್ತವರು ಬಂದು ಯಾರದೋ ಜಗಲಿಯಲ್ಲಿ ಸೇರಿ ಪ್ರಾರ್ಥಿಸಬಹುದು. ಆಗ ನಾವು ಹಳಬರಾಗಿರುತ್ತೇವೆ. ಭತ್ತದ ಗದ್ದೆಯ ಹುಲ್ಲು ಛಾವಣಿಯೊಳಗೆ ಕೂತವರೂ, ಕ್ಷಾಮದಲ್ಲಿ ಬದುಕುಳಿದ ಮಕ್ಕಳೂ ಒಂದು ದಿನ ಹಾಗೆಯೇ ಬಂದವರು. ಈ ಮಾತನ್ನು ಆ ದಿನಕ್ಕೆ ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಂಡು ಮುಗಿಸುತ್ತೇನೆ.